ಪರಿಹಾರದ ಹಣಕ್ಕೆ ಒಡೆಯರಾರು?

ಸಂಕಟಕಾಲದಲ್ಲಿ ರಾಜ್ಯವು ಪ್ರಜೆಗೆ ಕೊಡುವ ಹಣವನ್ನು ದಾನವೆನ್ನಬೇಕೆ, ಋಣಸಂದಾಯವೆನ್ನಬೇಕೆ? ಇದು ಇತ್ಯರ್ಥವಾಗದೆ ಆ ಹಣ ಯಾರಿಗೆ ಸಲ್ಲತಕ್ಕದ್ದೆಂಬುದನ್ನು ನಿರ್ಣಯಿಸಲಾಗದು.

2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ದೇಶಕ್ಕೆಲ್ಲ ಬೀಗ ಬಿದ್ದಿತು. ಜಾತ್ರೆ ಮದುವೆಗಳು ನಿಂತವು, ದೇವಾಲಯಗಳು ಮುಚ್ಚಿದವು. ಕೇಳುವವರಿಲ್ಲದೆ ಹೂವು ಗಿಡದಲ್ಲೇ ಬಾಡಿತು. ಮೇ 6ರಂದು ರಾಜ್ಯ ಸರ್ಕಾರವು 1,610 ಕೋಟಿ ರೂಪಾಯಿಗಳ ನೆರವನ್ನು ಪ್ರಕಟಿಸಿ, ಹೂವಿನ ಬೆಳೆಗಾರರಿಗೆ ಗರಿಷ್ಠ ಒಂದು ಹೆಕ್ಟೇರಿನವರೆಗೆ, ಹೆಕ್ಟೇರಿಗೆ 25,000 ರೂಪಾಯಿ ಗೊತ್ತುಮಾಡಿತು. ತರುವಾಯ ಮುಸುಕಿನ ಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಬಂದಿತು. 2021ರ ಎರಡನೆಯ ಅಲೆಯಲ್ಲಿ ಹೂವಿಗೆ ಹೆಕ್ಟೇರಿಗೆ 10,000 ಎಂದಾಯಿತು.

ಬೀಗ ಹಾಕಿದ್ದು ಸರ್ವರ ಕ್ಷೇಮಕ್ಕಾಗಿ. ಸರ್ವರ ಕ್ಷೇಮಕ್ಕಾಗಿ ಒಬ್ಬನು ನಷ್ಟ ಹೊತ್ತಾಗ ಆ ನಷ್ಟವನ್ನು ಸರ್ವರೂ ಹಂಚಿಕೊಳ್ಳುವುದು ನ್ಯಾಯ. ಆದುದರಿಂದ ಇದು ದಾನವಲ್ಲ, ಋಣ. ಋಣವು ನಷ್ಟ ಹೊತ್ತವನಿಗೇ ಸಲ್ಲಬೇಕು. ಹಣವಾದರೋ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಹೋಗುವ ಏರ್ಪಾಡು.

ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಸುತ್ತಣ ಸೀಮೆಯಲ್ಲಿ ಹೊಲದೊಡೆಯನೊಬ್ಬ, ಉಳುವವನೊಬ್ಬ ಎಂಬುದು ಹೊಸದೇನಲ್ಲ. ಒಡೆಯ ಮೈಸೂರಿನಲ್ಲಿ ನೌಕರಿ ಮಾಡುತ್ತಿರಬಹುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಪದ್ಧತಿಯನ್ನು ರದ್ದುಮಾಡಿ ಲಕ್ಷಾಂತರ ಗೇಣಿದಾರರನ್ನು ಭೂಮಾಲೀಕರನ್ನಾಗಿಸಿತು. ಅದು ದೊಡ್ಡ ಕಾರ್ಯ, ಸಂದೇಹವಿಲ್ಲ. ಆದರೆ ಅಲ್ಲಿಂದೀಚೆಗೆ ಹುಟ್ಟಿಕೊಂಡ ವಾರ, ಗುತ್ತಿಗೆಗಳೆಲ್ಲ ಬಾಯಿಮಾತಿನವು. ಕಾನೂನು ಇಲ್ಲವೆಂದ ಗೇಣಿದಾರನನ್ನು ದಾಖಲೆಯು ಇದ್ದಾನೆಂದು ಹೇಳುವುದೆಂತು?

ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ಈ ತೊಡಕನ್ನು ಬಲ್ಲವನಾಗಿದ್ದ. ಕಾನೂನು ಸಾಮಾನ್ಯವನ್ನು ನುಡಿಯುತ್ತದೆ, ವಿಶೇಷದಲ್ಲಿ ಎಡವುತ್ತದೆ ಎಂದು ಹೇಳಿ, ಲೆಸ್ಬೋಸಿನ ಶಿಲ್ಪಿಗಳ ಸೀಸದ ಅಳತೆಪಟ್ಟಿಯನ್ನು ಉದಾಹರಿಸಿದ. ಅದು ಕಲ್ಲಿನ ಆಕಾರಕ್ಕೆ ಬಾಗುವ ಪಟ್ಟಿ. ಸರ್ಕಾರದ ಗಣಕಯಂತ್ರ ಬಾಗಲಾರದು; ಬಾಗಬಲ್ಲವನು ಹಣ ಪಡೆದ ಪಹಣಿದಾರನೊಬ್ಬನೇ.

ಅವನು ಬಾಗಬೇಕಾದದ್ದು ಎಷ್ಟು? ವಾರಕ್ಕೆ ಕೊಟ್ಟಿದ್ದರೆ ಅವನ ಪಾಲೂ ಬಾಡಿದೆ. ಫಲ ಹಂಚುವ ಪ್ರಮಾಣದಲ್ಲೇ ಪರಿಹಾರವನ್ನೂ ಹಂಚಲಿ. ಮುಂಗಡ ಗುತ್ತಿಗೆಯ ಹಣ ಕೈಸೇರಿದ್ದರೆ ಅವನಿಗೆ ನಷ್ಟವೇ ಇಲ್ಲ. ಎಕರೆಗೆ ಬಂದ ಸುಮಾರು ಹತ್ತು ಸಾವಿರವೂ ಉಳುಮೆ ಮಾಡಿದವನದೇ. ಹಣ ಕೊಟ್ಟರೆ ಅದು ಗೇಣಿಗೆ ಸಾಕ್ಷಿಯಾಗಿ ಭೂಮಿ ಕೈತಪ್ಪೀತೆಂಬ ಅಂಜಿಕೆಯನ್ನು ಕೆಲವರು ಮುಂದಿಡುತ್ತಾರೆ. ಗುತ್ತಿಗೆಯನ್ನು ಬಾಯಿಮಾತಿನಲ್ಲಿ ಪಡೆಯುವಾಗ ಇರದ ಅಂಜಿಕೆ ಇದು!

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಆ ಅಕ್ಕಿ ಕದ್ದದ್ದಲ್ಲ. ಅಂಗಳದಲ್ಲಿ ಆಯ್ದದ್ದು, ಯಾರೂ ಆಕ್ಷೇಪಿಸದಿದ್ದದ್ದು. ನಿಯಮ ಒಪ್ಪಿತೆಂಬ ಮಾತ್ರಕ್ಕೆ ನಮ್ಮದಾಗದೆಂಬ ವಿವೇಕವನ್ನು ಆಕೆ ಶಾಸ್ತ್ರ ಓದಿ ಕಲಿತವಳಲ್ಲ. ನಮ್ಮ ಭಕ್ತರಲ್ಲಿ ಪಹಣಿದಾರರೇ ಹೆಚ್ಚೆಂಬುದನ್ನು ಬಲ್ಲೆವಾದ್ದರಿಂದಲೇ ಇದನ್ನು ಬರೆಯುತ್ತಿದ್ದೇವೆ. ವರ್ಷಗಳು ಸಂದವೆಂದು ಋಣ ಸವೆಯದು.

ಇನ್ನು ನಸುಕಿನಲ್ಲಿ ಹೂ ಬಿಡಿಸುವ ಕೂಲಿಯ ಹೆಣ್ಣುಮಕ್ಕಳ ವಿಚಾರ. ಜನಧನ ಖಾತೆಯಿದ್ದವರಿಗೆ 2020ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಬಂದುದುಂಟು. ಹೂವಿನ ಲೆಕ್ಕದಲ್ಲಿ ಅವರ ಹೆಸರು ಪಹಣಿಯಲ್ಲೂ ಇರಲಿಲ್ಲ, ವಾರದ ಮಾತಿನಲ್ಲೂ ಇರಲಿಲ್ಲ.