ನಿಯತಿಯೂ ಗಿಟಾರೂ

ಮನುಷ್ಯನು ಸ್ವತಂತ್ರನೋ ನಿಯತಿಗೆ ಅಧೀನನೋ ಎಂಬ ಪ್ರಶ್ನೆಯನ್ನು ನಮ್ಮ ತಾರ್ಕಿಕರು ದೈವ, ಪುರುಷಕಾರಗಳೆಂಬ ಮಾತುಗಳನ್ನು ಮುಂದಿಟ್ಟುಕೊಂಡು ಶತಮಾನಗಳಿಂದ ಚರ್ಚಿಸುತ್ತ ಬಂದಿರುವರಾದರೂ, ಜಾಝ್ ಗಿಟಾರ್ ವಾದಕನೊಬ್ಬನು ತನ್ನ ಸರದಿ ಬಂದಾಗ ಆಶುವಾಗಿ ನುಡಿಸುವ ಸೋಲೋವಿನಲ್ಲಿ ಆ ಪ್ರಶ್ನೆ ತೋರುವಷ್ಟು ನಿಚ್ಚಳವಾಗಿ ನನಗೆ ಗ್ರಂಥಗಳಲ್ಲಿ ತೋರಿದ್ದಿಲ್ಲ. ನಮ್ಮಲ್ಲಿ ಕಲ್ಪನಾಸ್ವರ ಹಾಡುವವನಿಗೆ ತಂಬೂರಿಯ ಆಧಾರಶ್ರುತಿ ಆದ್ಯಂತವೂ ಅಚಲ. ಜಾಝ್ ವಾದಕನಿಗಾದರೋ ಆ ಭಾಗ್ಯವಿಲ್ಲ. ಕಾರ್ಡ್‌ಗಳೆಂಬ ಸ್ವರಪುಂಜಗಳು ಅವನ ಕಾಲಡಿಯಲ್ಲಿ ಒಂದಾದ ಮೇಲೊಂದು ಬದಲಾಗುತ್ತ, ತಾಳದ ಅಳತೆಗಳಾದ ಹನ್ನೆರಡೋ ಮೂವತ್ತೆರಡೋ ಬಾರ್‌ಗಳಿಗೊಮ್ಮೆ ಮೊದಲಿಗೆ ಮರಳುತ್ತ ಇರುವುವು.

ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಸರ್ವಪರಿಚಿತ ಕ್ರಮವನ್ನು ನೋಡಬಹುದು. ಕಾರ್ಡಿನ ಸ್ವಭಾವವನ್ನು ಹೇಳುವುದು ಮುಖ್ಯವಾಗಿ ಅದರ ಮೂರನೆಯ ಮತ್ತು ಏಳನೆಯ ಸ್ವರಗಳಾದ್ದರಿಂದ, ಅಭ್ಯಾಸಿಯು ಮೊದಲು ಅವನ್ನಷ್ಟೇ ಹಿಡಿದು ಸಾಗುವನು. ಮೊದಲ ಕಾರ್ಡಿನ ಏಳನೆಯದಾದ ಸಿ ಅರ್ಧಸ್ವರ ಕೆಳಗಿಳಿದು, ಎರಡನೆಯ ಕಾರ್ಡಿನ ಮೂರನೆಯದಾದ ಬಿ ಆಗುವುದು. ಎಫ್ ಮಾತ್ರ ಇದ್ದಲ್ಲಿಯೇ ಇರುವುದು. ಆದರೆ ಡಿ ಕಾರ್ಡಿನಲ್ಲಿ ಮೂರನೆಯದಾಗಿ ನೆಮ್ಮದಿಯಿಂದಿದ್ದ ಅದೇ ಸ್ವರವು, ಜಿ ಕಾರ್ಡು ಬಂದೊಡನೆ ಏಳನೆಯದಾಗಿ ಚಡಪಡಿಸಿ, ಸಿ ಕಾರ್ಡಿನ ಇ ಸ್ವರಕ್ಕೆ ಇಳಿಯಲು ತವಕಿಸುವುದು. ತಾನು ಕದಲದೆಯೇ ಅದು ಬೇರೊಂದಾಯಿತು! ಗುಣವು ವಸ್ತುವಿನಲ್ಲಿದೆಯೋ ಸಂಬಂಧದಿಂದ ಹುಟ್ಟುವುದೋ ಎಂದು ವಾದಿಸುವವರು ಇದನ್ನೊಮ್ಮೆ ಕಿವಿಯಿಂದ ಕೇಳಿ ಆಮೇಲೆ ವಾದಿಸುವುದೊಳಿತು.

ಪ್ರತಿ ಕಾರ್ಡಿಗೂ ವಿಧಿಸಿದ ಸ್ಕೇಲೆಂಬ ಸ್ವರಶ್ರೇಣಿಯನ್ನು ತಪ್ಪದೆ ಒಪ್ಪಿಸುವುದು ದಾಸ್ಯ. ಕಾರ್ಡುಗಳ ಗೊಡವೆಯೇ ಇಲ್ಲದೆ ಬೆರಳು ಓಡಿದತ್ತ ಓಡುವುದು ಸ್ವೇಚ್ಛೆ. ಪಳಗಿದವನು ಬರಲಿರುವ ಕಾರ್ಡಿನ ಸ್ವರವನ್ನು ಅರ್ಧ ಮಾತ್ರೆ ಮೊದಲೇ ನುಡಿಸಿ, ನಿಯತಿಯನ್ನು ಎದುರುಗೊಳ್ಳುವನು. ನಾನು ಸ್ವಾತಂತ್ರ್ಯವೆಂದು ಕರೆಯುವುದು ಇದನ್ನೇ.

ನಿಯತಿಯು ಕೆಲವೊಮ್ಮೆ ದೇಹವನ್ನೇ ಕಟ್ಟಿಹಾಕುವುದೂ ಉಂಟು. 1928ರಲ್ಲಿ ನಡೆದ ಅಗ್ನಿ ಅಪಘಾತವೊಂದರಲ್ಲಿ ಜಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟನ ಎಡಗೈಯ ಎರಡು ಬೆರಳುಗಳು ಬಹುಮಟ್ಟಿಗೆ ನಿಷ್ಪ್ರಯೋಜಕವಾದುವು. ಹೆಬ್ಬೆರಳನ್ನು ಬಿಟ್ಟರೆ ಉಳಿದ ಎರಡರಿಂದಲೇ ಅವನು ನುಡಿಸಿದ ಸೋಲೋಗಳನ್ನು ಐದು ಬೆರಳುಳ್ಳವರು ಇಂದಿಗೂ ಅಭ್ಯಸಿಸುತ್ತಿರುವರು. ಆದರೂ ದೇಹದ ನಿರ್ಬಂಧಕ್ಕಿಂತ ಅಜ್ಞಾನದ ನಿರ್ಬಂಧವೇ ದೊಡ್ಡದೆಂಬುದಕ್ಕೆ ಗಿಟಾರಿನ ಹೊರಗಣ ಸಾಕ್ಷಿಯೊಂದುಂಟು. 1959ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನನ ‘ಜೈಂಟ್ ಸ್ಟೆಪ್ಸ್’ ಧ್ವನಿಮುದ್ರಣವಾದಾಗ, ಮೂರು ಆಧಾರಸ್ವರಗಳ ನಡುವೆ ನಾಗಾಲೋಟದಲ್ಲಿ ಸುತ್ತುವ ಅದರ ಕಾರ್ಡ್‌ಗಳ ಎದುರು ಪ್ರವೀಣನಾದ ಪಿಯಾನೋವಾದಕ ಟಾಮಿ ಫ್ಲ್ಯಾನಗನನ ಸೋಲೋ ತಡವರಿಸಿ ಬಿಡಿಬಿಡಿಯಾಯಿತು. ಕೋಲ್ಟ್ರೇನನ ಸ್ಮರಣಾರ್ಥವಾಗಿ ಅದೇ ಕೃತಿಯನ್ನು ಫ್ಲ್ಯಾನಗನನು 1982ರಲ್ಲಿ ಮತ್ತೆ ಧ್ವನಿಮುದ್ರಿಸಿದನು. ಕಾರ್ಡ್‌ಗಳು ಅವೇ, ವಾದನ ಮಾತ್ರ ನಿರರ್ಗಳ.