ಕರ್ತೃ ಕಾಣದ ವಾಕ್ಯ

ಕರ್ಮಣಿ ಬಿಟ್ಟು ಕರ್ತರಿಯಲ್ಲಿ ಬರೆಯಿರಿ: ಪುಣೆಯಲ್ಲಿ ಕಂಪನಿ ಖರ್ಚಿನಲ್ಲೇ ಮುಗಿಸಿದ ಇಂಗ್ಲಿಷ್ ಬರವಣಿಗೆಯ ತರಬೇತಿಯಲ್ಲಿ ನನ್ನ ತಲೆಗೆ ಹತ್ತಿದ್ದು ಇದೊಂದೇ. ಜಾರ್ಜ್ ಆರ್ವೆಲ್ 1946ರಲ್ಲೇ ಇದನ್ನು ಹೇಳಿದ್ದರಂತೆ. ಮಾಡಿದವರು ವಾಕ್ಯದಲ್ಲಿ ಕಾಣಬೇಕು ಅನ್ನೋದು ಬರೀ ವ್ಯಾಕರಣವೋ, ನೀತಿಯೋ? ನೀತಿಯೇ ಅಂತ ನನ್ನ ಅನಿಸಿಕೆ.

ನಮ್ಮ ಕನ್ನಡವೇನೂ ಸಾಚಾ ಅಲ್ಲ ಬಿಡಿ. ಆಡುಮಾತಿನಲ್ಲಿ ಕರ್ಮಣಿ ಅಪರೂಪ, ನಿಜ. ಆದರೆ 'ಲೋಟ ಒಡೀತು' ಅಂದರೆ ಸಾಕು, ಒಡೆದ ಕೈ ಮಾಯ! ಇನ್ನು ಸರ್ಕಾರಿ ಕಾಗದಗಳ 'ಕ್ರಮ ಕೈಗೊಳ್ಳಲಾಗುವುದು' ನೀವು ನೋಡದ್ದೇ? ಕೈಗೊಳ್ಳುವವರು ಯಾರು ಅಂತ ಯಾವ ಕಿಟಕಿಯಲ್ಲಿ ಕೇಳುವುದು?

ತರಬೇತಿ ಮುಗಿದ ಮೇಲೆ ಗುತ್ತಿಗೆ ಕೆಲಸಗಾರರಿಗೆ ಕೊಡುವ ಪತ್ರ ನನ್ನ ಪಾಲಿಗೆ ಬಂತು. 'ನಾವು ನಿಮ್ಮನ್ನು ಕೆಲಸದಿಂದ ತೆಗೆಯುತ್ತಿದ್ದೇವೆ' ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಮೇಲಿನವರು 'ಸೇವೆಯನ್ನು ಕೊನೆಗೊಳಿಸಲಾಗಿದೆ' ಎಂದು ತಿದ್ದಿದರು. ಒರಟು ಮಾತು ಬೇಡ, ಓದುವವರಿಗೆ ನೋವಾಗುತ್ತೆ ಅಂದರು. ಅದರಲ್ಲೂ ಒಂದಿಷ್ಟು ಸತ್ಯವಿತ್ತು. ಆದರೆ ನೋವು ಪದದಿಂದಲ್ಲ, ಸಂಬಳ ನಿಲ್ಲುವುದರಿಂದ. ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಅವರಿಗೆ ಎದುರಿಗೊಬ್ಬರು ಬೇಡವೇ? ವಾಕ್ಯ ಅವರದ್ದೇ ಉಳಿಯಿತು. ಅದರ ಕೆಳಗೆ, ಬಾಕಿ ಸಂಬಳಕ್ಕೆ ಯಾರನ್ನು ಕಾಣಬೇಕು ಎಂದು ಒಬ್ಬ ಅಧಿಕಾರಿಯ ಹೆಸರು, ಫೋನ್ ನಂಬರು ಸೇರಿಸಿ ಕಳಿಸಿದೆ. ಅದನ್ನು ಯಾರೂ ಹೊಡೆದುಹಾಕಲಿಲ್ಲ.