ನೊಂದವರಿಗೆ ದಂಡಾಧಿಕಾರವುಂಟೆ?

ಅನ್ಯಾಯವನ್ನು ಅನುಭವಿಸಿದವರಿಗೆ ಅನ್ಯಾಯಗಾರನನ್ನು ದಂಡಿಸುವ ಅಧಿಕಾರವೂ ಬರುವುದೆ? ಪ್ರಶ್ನೆ ಹಳೆಯದು. ಅದನ್ನು ಮತ್ತೆ ಎತ್ತಿರುವುದು ಅಮೇರಿಕೆಯ ಅತಿಮಾನುಷರ ಕಥೆಯೊಂದೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ‘ಜೆಸಿಕಾ ಜೋನ್ಸ್’ ಎಂಬ ಈ ದೂರದರ್ಶನ ನಾಟಕಮಾಲೆಯನ್ನು ನೆಟ್‌ಫ್ಲಿಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿ, 2019ರಲ್ಲಿ ಮೂರನೆಯ ಭಾಗದೊಂದಿಗೆ ಮುಗಿಸಿತು. ಇಂಥವು ಮಕ್ಕಳ ವಿನೋದವೆಂದು ಮೂಗು ಮುರಿಯುವವರು ಕಡೆಯ ಭಾಗವನ್ನಾದರೂ ನೋಡತಕ್ಕದ್ದು. ನಡುವಣ ಕೆಲವು ಕಂತುಗಳು ಬೇಸರ ತರುವುವೆಂಬುದು ಬೇರೆ ಮಾತು.

ಇಂಥ ಕಥೆಗಳಲ್ಲಿ ಹೆಣ್ಣಾದವಳು ಸಾಮಾನ್ಯವಾಗಿ ರಕ್ಷಿಸಲ್ಪಡುವುದಕ್ಕೋ ಸತ್ತು ನಾಯಕನಿಗೆ ರೋಷ ಹುಟ್ಟಿಸುವುದಕ್ಕೋ ಇರುವಳಷ್ಟೆ. ಇಲ್ಲಿ ಸೇಡಿನವಳೂ ಹೆಣ್ಣು, ಅವಳನ್ನು ತಡೆಯುವವಳೂ ಹೆಣ್ಣು. ಜೆಸಿಕಾ ನ್ಯೂಯಾರ್ಕಿನ ಪತ್ತೇದಾರಳು. ಅಪಾರ ದೇಹಬಲವುಳ್ಳವಳು, ಮದ್ಯವ್ಯಸನಿ, ತನ್ನನ್ನು ತಾನೇ ಹೀನವಾಗಿ ಎಣಿಸತಕ್ಕವಳು. ಅನಾಥಳಾದ ಅವಳನ್ನು ಸಾಕಿದ ಮನೆಯ ಮಗಳು ಟ್ರಿಷ್, ಹಿಂದೆ ಹೆಸರಾಂತ ಬಾಲನಟಿ. ಲೋಕವನ್ನು ಉದ್ಧರಿಸುವ ಹಂಬಲ ಇವಳದು, ಶಕ್ತಿ ಅವಳದು. 2018ರ ಎರಡನೆಯ ಭಾಗದಲ್ಲಿ ಟ್ರಿಷ್ ಪ್ರಾಣವನ್ನೇ ಪಣವಾಗಿಟ್ಟು ಶಕ್ತಿಯನ್ನು ಸಂಪಾದಿಸುತ್ತಾಳೆ. ಸತ್ತಳೆಂದು ನಂಬಿದ್ದ, ಬದುಕಿ ಕೊಲೆಗಾರ್ತಿಯಾಗಿದ್ದ ಜೆಸಿಕಾಳ ತಾಯಿಯನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಅನಂತರ ಅವಳ ತಾಯಿ ಡೊರೋಥಿಯೇ ಸಾಲಿಂಜರನೆಂಬ ಕ್ರೂರನಿಗೆ ಬಲಿಯಾಗುತ್ತಾಳೆ. ಅಲ್ಲಿಂದ ದುಷ್ಟರ ಮೇಲೆ ಟ್ರಿಷಳ ಕೈ ತಡೆಯಿಲ್ಲದೆ ಏಳುತ್ತದೆ. ಸಾಲಿಂಜರನನ್ನು ಅವಳು ಕೊಲ್ಲುವುದು ನ್ಯಾಯಾಲಯದ ಕಟ್ಟಡದ ಲಿಫ್ಟಿನೊಳಗೆ!

ಅವಳ ಕೈಗೆ ಸಿಕ್ಕಿದವರು ದುಷ್ಟರಲ್ಲವೆಂದು ಯಾರೂ ಹೇಳಲಾರರು. ಆದರೆ ನೋವಿಗೆ ತನಗಾದುದೇನೆಂಬುದು ತಿಳಿದಿರುತ್ತದೆಯೇ ಹೊರತು ಎಷ್ಟಾದರೆ ಸಾಕೆಂಬುದು ತಿಳಿದಿರುವುದಿಲ್ಲ. ಇದಕ್ಕಿಂತಲೂ ಸೂಕ್ಷ್ಮವಾದ ವಿಷಯವೊಂದುಂಟು. ಡೊರೋಥಿ ಮಗಳನ್ನು ಬಾಲ್ಯದಲ್ಲಿ ಹಿಂಸಿಸಿದವಳು. ಎಲ್ಲವೂ ಮಗಳ ಏಳಿಗೆಗಾಗಿಯೇ ಎಂದು ನಂಬಿದ್ದವಳು. ತಾಯಿಯನ್ನು ದ್ವೇಷಿಸುತ್ತ ಬೆಳೆದ ಮಗಳಿಗೆ ತಾಯಿಯಿಂದ ಬಂದ ಆಸ್ತಿ ಆ ನಂಬಿಕೆಯೇ ಎಂದು ನಮಗೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ಅದನ್ನು ಹಗುರವಾಗಿ ತಳ್ಳಲಾಗದು. ಮೊದಲನೆಯ ಭಾಗದ ಕೊನೆಯಲ್ಲಿ ಜೆಸಿಕಾ ತಾನೇ ಕಿಲ್‌ಗ್ರೇವನೆಂಬವನ ಕತ್ತು ಮುರಿದು ಕೊಂದಳಲ್ಲವೆ? ಸೋದರಿಯನ್ನು ಹಿಡಿದುಕೊಡಲು ಅವಳಿಗೆ ಯಾವ ಯೋಗ್ಯತೆ? ಮಾತಿನಿಂದಲೇ ಪರರ ಇಚ್ಛೆಯನ್ನು ವಶಮಾಡಿಕೊಳ್ಳುತ್ತಿದ್ದ ಅವನನ್ನು ಯಾವ ಸೆರೆಮನೆಯೂ ಹಿಡಿದಿಡಲಾರದಾಗಿತ್ತು ಎಂಬುದು ಸಮಾಧಾನದ ಒಂದು ಭಾಗ. ಇನ್ನೊಂದು ಭಾಗ, ಆ ಕೊಲೆಯನ್ನು ಜೆಸಿಕಾ ಎಂದೂ ಪುಣ್ಯವೆಂದು ಹೇಳಿಕೊಳ್ಳದಿರುವುದು. ಅವಳ ಆತ್ಮಹೀನತೆಯನ್ನು ರೋಗವೆನ್ನಬಹುದು. ಆದರೂ ಕೈಯೆತ್ತುವ ಮುನ್ನ ಅವಳನ್ನು ಒಂದು ಗಳಿಗೆ ನಿಲ್ಲಿಸುವುದು ಅದೇ. ಆಕ್ಷೇಪ ಇಷ್ಟರಿಂದ ಪೂರ್ತಿಯಾಗಿ ಅಳಿಯಿತೆಂದು ನಾವು ಹೇಳುವುದಿಲ್ಲ.

ಕಡೆಗೆ ಜೆಸಿಕಾ ಟ್ರಿಷಳನ್ನು ಹಿಡಿದೊಪ್ಪಿಸುತ್ತಾಳೆ. ಅಧಿಕಾರಿಗಳು ಅಪರಾಧಗಳನ್ನು ಓದಿ ಹೇಳುವಾಗ, ಇಷ್ಟು ದಿನ ಇಂಥ ಪಟ್ಟಿಗಳನ್ನು ಪರರ ಹೆಸರಿನಲ್ಲಿ ಮಾತ್ರ ಕಂಡಿದ್ದ ಟ್ರಿಷ್, ಈ ಕಥೆಯ ದುಷ್ಟಳು ತಾನೇ ಎಂಬುದನ್ನು ಮೊದಲ ಬಾರಿ ಕೇಳಿಸಿಕೊಳ್ಳುತ್ತಾಳೆ. ಆ ಕ್ಷಣದ ಅವಳ ಮುಖದಲ್ಲಿ ಕೋಪವಿಲ್ಲ.